ಫೋನ್ ಹಿಡಿದ ಕೈಗೇ ಕಂಪಾಸ್ ಕಟ್ಟಿದ್ರೆ

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ಪುರವಣಿಯಲ್ಲಿ ಚಾರಣಕ್ಕೆ ಹೋಗೋವ್ರು ಏನೇನು ತಗೊಂಡು ಹೋಗ್ಬೇಕು ಅಂತ ಒಂದು ಲೇಖನ ಹಾಕಿದ್ರಿ. ಲೇಖನ ಚೆನ್ನಾಗೇ ಇತ್ತು, ನನ್ನ ತಕರಾರು ಇರೋದು ಅದರ ಜೊತೆ ಬಂದ ಫೋಟೋ ಬಗ್ಗೆ. ಒಬ್ಬ ಹುಡುಗ ಎಡಗೈಗೆ ವಾಚ್ ಥರದ ಕಂಪಾಸ್ ಕಟ್ಕೊಂಡು ಅದನ್ನೇ ದಿಟ್ಟಿಸಿ ನೋಡ್ತಾ ನಿಂತಿದ್ದಾನೆ, ಅದೇ ಎಡಗೈಯಲ್ಲಿ ಮೊಬೈಲು. ಕೆಳಗಡೆ 'ದಾರಿ ತಪ್ಪಿದಾಗ ಕಂಪಾಸ್ ನೋಡಿ' ಅಂತ ಒಂದು ಸಾಲು. ಫೋಟೋನೂ ತಪ್ಪು, ಸಾಲೂ ತಪ್ಪು. ಇಷ್ಟಕ್ಕೆಲ್ಲ ಪತ್ರ ಬರೀಬೇಕಾ ಅಂತ ಮನೇಲಿ ನಕ್ರು, ಆದ್ರೆ ಈ ಎರಡೂ ತಪ್ಪನ್ನ ಸ್ವತಃ ಮಾಡಿ ಪಾಠ ಕಲಿತೋನು ನಾನು, ಅದಕ್ಕೆ ಸುಮ್ನಿರೋಕಾಗಲಿಲ್ಲ.

ಮೊದಲು ಫೋಟೋ. ಮೊಬೈಲಿನ ಸ್ಪೀಕರಲ್ಲಿ ಮ್ಯಾಗ್ನೆಟ್ ಇರುತ್ತೆ, ಈಗಿನ ಎಷ್ಟೋ ಫೋನುಗಳ ಬೆನ್ನಿಗೆ ಚಾರ್ಜರ್ ಅಂಟಲಿ ಅಂತ ಇನ್ನೊಂದು ಸುತ್ತು ಮ್ಯಾಗ್ನೆಟ್, ಪುಸ್ತಕದ ಥರ ಮುಚ್ಚೋ ಕವರ್ ಆದ್ರೆ ಅದರ ತುದಿಗೂ ಒಂದು. ಭೂಮಿಯ ಕಾಂತಕ್ಷೇತ್ರ ಅನ್ನೋದು ಜಾಗಕ್ಕೆ ತಕ್ಕ ಹಾಗೆ 25ರಿಂದ 65 ಮೈಕ್ರೋಟೆಸ್ಲಾ ಅಷ್ಟೇ, ಫ್ರಿಜ್ ಬಾಗಿಲಿಗೆ ಅಂಟಿಸ್ತೀವಲ್ಲ ಆ ಪುಟ್ಟ ಮ್ಯಾಗ್ನೆಟ್ಟೇ ಹತ್ತಿರಕ್ಕೆ ಹೋದ್ರೆ ಅದಕ್ಕಿಂತ ಸುಮಾರು ನೂರು ಪಟ್ಟು ಜೋರು. ನಂಬಿಕೆ ಬರದಿದ್ರೆ ಕಂಪಾಸನ್ನ ಮೇಜಿನ ಮೇಲಿಟ್ಟು, ಮುಳ್ಳು ನಿಂತ ಮೇಲೆ, ಪಕ್ಕದಿಂದ ಫೋನನ್ನ ಮೆಲ್ಲಗೆ ಸರಿಸ್ತಾ ಬನ್ನಿ. ನನ್ನ ಫೋನು ಒಂದು ಗೇಣು ದೂರಕ್ಕೆ ಬಂದಾಗ ಮುಳ್ಳು ಅಲುಗಾಡೋಕೆ ಶುರು ಮಾಡುತ್ತೆ, ಅರ್ಧ ಗೇಣಿಗೆ ಬಂದ್ರೆ ಉತ್ತರ ಬಿಟ್ಟು ಫೋನನ್ನೇ ನೋಡ್ತಾ ನಿಲ್ಲುತ್ತೆ. ಅಂಗೈಗೂ ಮಣಿಕಟ್ಟಿಗೂ ಎಷ್ಟು ದೂರ ನೀವೇ ಅಳೆದು ನೋಡಿ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನನ್ನ ಹಳೇ ಕಂಪಾಸು ಬ್ಯಾಗಿನ ಸೈಡ್ ಜೇಬಲ್ಲಿ ತಿಂಗಳುಗಟ್ಟಲೆ ಒಂದು ಫೋನ್ ಕವರ್ ಜೊತೆ ಬಿದ್ದಿತ್ತು. ಅದನ್ನೇ ಕಟ್ಕೊಂಡು ಗೆಳೆಯನ ಜೊತೆ ಹೊರಟೆ, ಬೆಳಗ್ಗೆ ಮಂಜು ಕವಿದಿತ್ತು, ನಾವು ಹೋಗ್ಬೇಕಾಗಿದ್ದು ಉತ್ತರಕ್ಕೆ, ತೊರೆ ನಮ್ಮ ಬಲಗಡೆ ಇರ್ಬೇಕು. ಸ್ವಲ್ಪ ಹೊತ್ತಾದ ಮೇಲೆ ಅವನು 'ಲೋ, ನೀರಿನ ಸದ್ದು ಎಡಗಡೆಯಿಂದ ಕೇಳ್ತಿದೆ ಕಣೋ' ಅಂದ. ನಾನು 'ಕಂಪಾಸ್ ಸುಳ್ಳು ಹೇಳಲ್ಲ, ಸುಮ್ನೆ ನಡಿ' ಅಂದೆ. ಒಂದು ಗಂಟೆ ನಡೆದ್ವಿ. ಒಂಬತ್ತರ ಹೊತ್ತಿಗೆ ಮಂಜು ಸರಿದು ಬಿಸಿಲು ಬಿತ್ತು, ಕೈ ನೋಡ್ಕೊಂಡೆ, ಕಂಪಾಸ್ ಪ್ರಕಾರ ಸೂರ್ಯ ಪಶ್ಚಿಮದಲ್ಲಿದ್ದಾನೆ. ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ್ರೂ ಇದಾಗಲ್ಲ ಅಂತ ಮಾತಿಗೆ ಹೇಳ್ತೀವಲ್ಲ, ಅವತ್ತು ನನ್ನ ಕೈ ಮೇಲೆ ಹುಟ್ಟಿದ್ದ. ಕವರಿನ ಮ್ಯಾಗ್ನೆಟ್ಟು ಮುಳ್ಳಿನ ಧ್ರುವಗಳನ್ನೇ ಅದಲು ಬದಲು ಮಾಡಿಬಿಟ್ಟಿತ್ತು, ಕೆಂಪು ತುದಿ ನೆಟ್ಟಗೆ ದಕ್ಷಿಣ ತೋರಿಸ್ತಿತ್ತು. ಗೆಳೆಯ ಏನೂ ಬೈಲಿಲ್ಲ, ಅದೇ ಹೆಚ್ಚು ಬೇಜಾರಾಗಿದ್ದು. ಜೋರಾದ ಮ್ಯಾಗ್ನೆಟ್ ಸವರಿದ್ರೆ ಮುಳ್ಳನ್ನ ಮತ್ತೆ ಸರಿ ಮಾಡಬಹುದು, ನಾನು ಮಾಡಿದೆ ಕೂಡ, ಆದ್ರೆ ಆಮೇಲೆ ಅದನ್ನ ನಂಬೋಕೆ ಮನಸ್ಸು ಬರಲಿಲ್ಲ. ಈಗ ಎಲ್ಲಿಗೇ ಹೊರಡಲಿ ಬಾಗಿಲಾಚೆ ಬಂದು ಸೂರ್ಯನ ಕಡೆ ಒಂದು ಸಲ, ಕೈ ಕಡೆ ಒಂದು ಸಲ ನೋಡ್ಕೊಂಡೇ ಮುಂದಕ್ಕೆ ಹೋಗೋದು.

ಫೋನ್ ಒಂದೇ ಅಲ್ಲ. ಕಬ್ಬಿಣದ ಬೇಲಿ, ಕಾರು, ಸೇತುವೆಯ ಕಂಬಿ ಎಲ್ಲ ಸೇರುತ್ತೆ ಇದಕ್ಕೆ. ಅಮೆರಿಕ ಸೈನ್ಯದ ನಕ್ಷೆ ಓದೋ ಕೈಪಿಡಿಯಲ್ಲಿ ಲಾರಿಯಿಂದ 18 ಮೀಟರ್, ಮುಳ್ಳುತಂತಿಯಿಂದ 10 ಮೀಟರ್, ಹೈಟೆನ್ಷನ್ ಲೈನಿಂದ 55 ಮೀಟರ್ ದೂರ ನಿಂತು ಕಂಪಾಸ್ ನೋಡಿ ಅಂತ ಲೆಕ್ಕ ಕೊಟ್ಟಿದ್ದಾರೆ. ನಾವು ಕಾರಿನ ಬಾನೆಟ್ ಮೇಲೆ ನಕ್ಷೆ ಹಾಸಿ, ಅದರ ಮೇಲೇ ಕಂಪಾಸ್ ಇಟ್ಟು ವಾದ ಮಾಡ್ತೀವಿ!

ಇನ್ನು ಆ ಸಾಲು, 'ದಾರಿ ತಪ್ಪಿದಾಗ ಕಂಪಾಸ್ ನೋಡಿ'. ಕಂಪಾಸ್ ದಿಕ್ಕು ಹೇಳುತ್ತೆ, ನೀವು ಎಲ್ಲಿದ್ದೀರ ಅಂತ ಹೇಳಲ್ಲ. ದಾರಿ ತಪ್ಪಿ ನಿಂತೋನಿಗೆ ಉತ್ತರ ಅಗೋ ಅಲ್ಲಿದೆ ಅಂತ ಗೊತ್ತಾದ್ರೆ ಏನು ಬಂತು, ಬಂದಿದ್ದು ಯಾವ ಕಡೆಯಿಂದ ಅಂತ ಗೊತ್ತಿದ್ರೆ ತಾನೆ ವಾಪಸ್ ಹೋಗೋದು. ಹಾಗಾಗಿ ಅದನ್ನ ನೋಡ್ಬೇಕಾಗಿರೋದು ಹೊರಡೋ ಮುಂಚೆ, ಆಮೇಲೆ ನಡೀತಾ ನಡೀತಾ, ದಾರಿ ಇನ್ನೂ ಸರಿಯಾಗಿರುವಾಗಲೇ. ರಸ್ತೆ ಬಿಟ್ಟು ಒಳಗೆ ಕಾಲಿಡುವಾಗ 'ರಸ್ತೆ ನನ್ನ ಬೆನ್ನಿಗಿದೆ, ನಾನು ಹೋಗ್ತಿರೋದು ಈಶಾನ್ಯಕ್ಕೆ' ಅಂತ ಒಂದು ಸಲ ಬಾಯಿಬಿಟ್ಟು ಹೇಳ್ಕೊಂಡ್ರೆ ವಾಪಸ್ ಬರೋಕೆ ನೈಋತ್ಯ ಅಂತ ತಾನಾಗೇ ಬರುತ್ತೆ. ಡಿಗ್ರಿ ಲೆಕ್ಕದಲ್ಲಿ ಹೇಳೋದಾದ್ರೆ 180 ಕೂಡಿಸಿ, 360 ದಾಟಿದ್ರೆ 360 ಕಳೀರಿ, ಅಷ್ಟೇ.

ಕೈಗೆ ಕಟ್ಟೋ ಕಂಪಾಸಿನ ನಿಜವಾದ ಲಾಭ ಇರೋದು ಇಲ್ಲೇ, ಅದು ಯಾವಾಗಲೂ ಕಣ್ಣೆದುರಿಗೆ ಇರುತ್ತೆ. ಬ್ಯಾಗಲ್ಲಿರೋ ದೊಡ್ಡ ಕಂಪಾಸ್ ಎಷ್ಟೇ ಕರಾರುವಾಕ್ಕಾಗಿರಲಿ, ಅನುಮಾನ ಬಂದ ಮೇಲೆ ತಾನೆ ಅದನ್ನ ಹೊರಗೆ ತೆಗೆಯೋದು, ಅಷ್ಟು ಹೊತ್ತಿಗೆ ಕಾಲು ಎಲ್ಲೆಲ್ಲೋ ಹೋಗಿರುತ್ತೆ. ಮನುಷ್ಯನ ಕಾಲಿನ ಬಗ್ಗೆ 2009ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಒಂದು ಅಧ್ಯಯನ ಪ್ರಕಟ ಮಾಡಿದ್ರು, ಜನರನ್ನ ಕಾಡಲ್ಲೂ ಸಹಾರಾ ಮರುಭೂಮಿಯಲ್ಲೂ ನೇರ ನಡೀರಿ ಅಂತ ಬಿಟ್ಟು ಜಿಪಿಎಸ್‌ನಲ್ಲಿ ನೋಡಿದ್ರು. ಸೂರ್ಯ ಕಾಣ್ತಿದ್ದಾಗ ಹೆಚ್ಚುಕಮ್ಮಿ ನೇರ ಹೋದ್ರು, ಮೋಡ ಮುಚ್ಚಿದ ಕಾಡಲ್ಲಿ ಸುತ್ತಿ ಸುತ್ತಿ ತಾವೇ ನಡೆದ ದಾರಿಗೆ ಅಡ್ಡ ಬಂದ್ರು, ಅದು ಅವರಿಗೆ ಗೊತ್ತೂ ಆಗಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿದಾಗಂತೂ ಕೆಲವರು ಬರೀ 20 ಮೀಟರ್ ಅಗಲದ ವೃತ್ತದಲ್ಲಿ ತಿರುಗಿದ್ರು. ಇದಕ್ಕೆ ಮದ್ದು ಡಿಗ್ರಿ ಡಿಗ್ರಿ ಲೆಕ್ಕ ಹಾಕೋ ಕಂಪಾಸ್ ಅಲ್ಲ, ಎರಡು ನಿಮಿಷಕ್ಕೊಂದು ಸಲ ಕಣ್ಣಿಗೆ ಬೀಳೋ ಕಂಪಾಸ್.

ಆದ್ರೆ ಕೈ ಮೇಲಿರೋದ್ರಿಂದಲೇ ಒಂದು ಎಡವಟ್ಟೂ ಇದೆ, ಅದನ್ನ ಯಾರೂ ಹೇಳ್ಕೊಡಲ್ಲ. ವಾಚ್ ನೋಡೋ ಹಾಗೆ ಕೈ ಮಡಚಿದಾಗ ಡಯಲಿನ 12ರ ಕಡೆ ನಿಮ್ಮ ಮುಂದಕ್ಕೆ ಇರುತ್ತೆ ಅಂತ ಅನ್ಕೊಳ್ತೀವಿ, ಆದ್ರೆ ಮುಂಗೈ ಎದೆಗೆ ಸರಿಯಾಗಿ ಅಡ್ಡ ಇದ್ದಾಗ ಮಾತ್ರ ಅದು ನಿಜ. ನಡೀತಾ ಸುಮ್ನೆ ಕೈ ಎತ್ತಿ ನೋಡಿದ್ರೆ ಮುಂಗೈ ಓರೆಯಾಗಿರುತ್ತೆ, 20 ಡಿಗ್ರಿ ಓರೆಯಾಗಿದ್ರೆ ನಿಮ್ಮ ದಿಕ್ಕೂ 20 ಡಿಗ್ರಿ ಓರೆ. ನೀರೊಳಗೆ ಡೈವಿಂಗ್ ಮಾಡೋವ್ರು ಇದಕ್ಕೊಂದು ಉಪಾಯ ಇಟ್ಕೊಂಡಿದ್ದಾರೆ, ಕಂಪಾಸ್ ಇಲ್ಲದ ಕೈಯನ್ನ ನೇರ ಮುಂದಕ್ಕೆ ಚಾಚಿ, ಕಂಪಾಸ್ ಕಟ್ಟಿದ ಕೈಯಿಂದ ಆ ಕೈಯ ಮೊಣಕೈ ಹಿಡ್ಕೊಳ್ತಾರೆ, ಆಗ ಮುಂಗೈ ತಾನಾಗೇ ಅಡ್ಡ ಬಂದು ಕಂಪಾಸು ಮೂಗಿನ ನೇರಕ್ಕೆ ನಿಲ್ಲುತ್ತೆ. ನೆಲದ ಮೇಲೆ ಹೀಗೆ ಮಾಡಿದ್ರೆ ನೋಡೋವ್ರು ನಗ್ತಾರೆ, ನಗಲಿ ಬಿಡಿ. ಒಂದು ಸಲ ಹಾಗೆ ನಿಂತು, ಕೈಯನ್ನಲ್ಲ, ಇಡೀ ಮೈಯನ್ನ ತಿರುಗಿಸಿ ಬೇಕಾದ ದಿಕ್ಕಿಗೆ ಬಂದು, ಆ ನೇರಕ್ಕೆ ದೂರದಲ್ಲಿ ಒಂದು ಮರವೋ ಬಂಡೆಯೋ ಗುರುತು ಮಾಡ್ಕೊಂಡು, ಆಮೇಲೆ ಕಂಪಾಸ್ ಮರೆತು ಆ ಮರದ ತನಕ ನಡೀರಿ, ಅಲ್ಲಿ ಮತ್ತೆ ಇನ್ನೊಂದು ಗುರುತು. ಡಯಲ್ ಸಮತಟ್ಟಾಗಿರೋದೂ ಮುಖ್ಯ, ಓರೆಯಾದ್ರೆ ಮುಳ್ಳು ತಳಕ್ಕೆ ಉಜ್ಜಿ ಅಲ್ಲೇ ನಿಂತುಬಿಡುತ್ತೆ, ನೀವು ತಿರುಗಿದ್ರೆ ಅದೂ ನಿಮ್ಮ ಜೊತೆ ತಿರುಗುತ್ತೆ, ಪಾಪ ನಂಬಿಬಿಡ್ತೀರ.

ಇಷ್ಟು ಪುಟ್ಟ ಡಯಲಲ್ಲಿ ಐದು ಹತ್ತು ಡಿಗ್ರಿ ಹೆಚ್ಚುಕಮ್ಮಿ ಆಗೇ ಆಗುತ್ತೆ. ಒಂದು ಡಿಗ್ರಿ ತಪ್ಪಿದ್ರೆ ಕಿಲೋಮೀಟರಿಗೆ ಸುಮಾರು 17 ಮೀಟರ್ ಪಕ್ಕಕ್ಕೆ ಹೋಗ್ತೀರ, ಹತ್ತು ಡಿಗ್ರಿಗೆ 175 ಮೀಟರ್. ಇದನ್ನ ಮೊದಲೇ ಒಪ್ಕೊಂಡುಬಿಟ್ರೆ ಒಳ್ಳೇದು. ಹೊಳೆಗೆ ಒಂದು ಸೇತುವೆ ಇದೆ, ಒಂದು ಕಿಲೋಮೀಟರ್ ದೂರ, ನೇರ ಸೇತುವೆಗೇ ಗುರಿ ಇಟ್ಟು ನಡೆದ್ರೆ ಹೊಳೆ ಸಿಗುತ್ತೆ, ಸೇತುವೆ ಕಾಣಲ್ಲ, ಎಡಕ್ಕೆ ಹೋಗೋದೋ ಬಲಕ್ಕೋ ಗೊತ್ತಾಗಲ್ಲ. ಅದರ ಬದಲು ಬೇಕಂತಲೇ ಹದಿನೈದು ಡಿಗ್ರಿ ಎಡಕ್ಕೆ ಹಿಡ್ಕೊಂಡು ನಡೆದ್ರೆ ಹೊಳೆ ಸಿಕ್ಕ ತಕ್ಷಣ ಯೋಚನೆ ಮಾಡದೆ ಬಲಕ್ಕೆ ತಿರುಗಬಹುದು. ಕಂಪಾಸ್ ಬಗ್ಗೆ ನಾನು ಕಲಿತಿದ್ದರಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಇದೊಂದೇ, ತಪ್ಪೋದಾದ್ರೆ ಯಾವ ಕಡೆ ತಪ್ಪಬೇಕು ಅಂತ ನಾವೇ ತೀರ್ಮಾನ ಮಾಡೋದು.

ಯಾವುದನ್ನ ತಗೋಬೇಕು ಅನ್ನೋದಕ್ಕೆ ನನ್ನ ಅಭಿಪ್ರಾಯ ಹೇಳ್ತೀನಿ, ಒಪ್ಪದೇ ಇರೋವ್ರು ಇರ್ತಾರೆ. (ಅಂದ ಹಾಗೆ ಅಂಗಡಿಗೆ ಹೋಗಿ ಬರೀ ಕಂಪಾಸ್ ಅಂದ್ರೆ ಜಾಮಿಟ್ರಿ ಬಾಕ್ಸ್ ಕೊಡ್ತಾರೆ, ದಿಕ್ಕು ತೋರ್ಸೋದು ಅಂತ ಬಿಡಿಸಿ ಹೇಳಿ.) ಒಳಗೆ ಎಣ್ಣೆಯಂಥ ದ್ರವ ತುಂಬಿರೋದನ್ನೇ ತಗೊಳ್ಳಿ. ಕೈಗೆ ಕಟ್ಟೋ ಕಂಪಾಸ್ ಹೊಸದೇನಲ್ಲ, ರಷ್ಯಾದ ವ್ಲಾದಿಮಿರ್ ಅದ್ರಿಯಾನೊವ್ ಅನ್ನೋವ್ರು 1907ರಲ್ಲೇ ಸೈನಿಕರಿಗೆ ಅಂತ ಮಾಡಿದ್ರು, ಆದ್ರೆ ಆ ಥರದ ಒಣ ಕಂಪಾಸಲ್ಲಿ ನಡೆಯುವಾಗ ಮುಳ್ಳು ಕುಣೀತಾನೇ ಇರುತ್ತೆ. ಫಿನ್ಲೆಂಡಿನ ತುವೊಮಾಸ್ ವೊಹ್ಲೊನೆನ್ ಅನ್ನೋ ಇಂಜಿನಿಯರು ಇದೇ ಕಾಟಕ್ಕೆ ಬೇಸತ್ತು ದ್ರವ ತುಂಬಿದ ಕಂಪಾಸನ್ನ ದೊಡ್ಡ ಪ್ರಮಾಣದಲ್ಲಿ ತಯಾರಿಸೋ ವಿಧಾನ ಕಂಡುಹಿಡಿದು 1936ರಲ್ಲಿ ಸುಂಟೊ ಕಂಪನಿ ಶುರು ಮಾಡಿದ್ದು. ಸುತ್ತಲಿನ ರಿಂಗು ತಿರುಗೋ ಹಾಗಿದ್ರೆ ಇನ್ನೂ ಒಳ್ಳೇದು, ಹೋಗೋ ದಿಕ್ಕನ್ನ ಅದರಲ್ಲೇ ಗುರುತಿಟ್ಟುಬಿಡಬಹುದು. ಬೆಲ್ಟು ಬಟ್ಟೆದೋ ರಬ್ಬರಿಂದೋ ಇರಲಿ. ವಾಚಿನ ಬೆಲ್ಟಿಗೇ ಸಿಕ್ಕಿಸೋ ಗುಂಡಿ ಗಾತ್ರದವೂ ಸಿಗುತ್ತೆ, ಪಟ್ಟಣದಲ್ಲಿ ಓಡಾಡೋಕೆ ಅವೇ ಸಾಕು, ಆದ್ರೆ ಕಟ್ಟಿದ ಮೇಲೆ ಒಂದು ಸಲ, ಬಿಚ್ಚಿ ದೂರ ಹಿಡಿದು ಒಂದು ಸಲ ನೋಡಿ, ಎರಡರಲ್ಲೂ ಮುಳ್ಳು ಒಂದೇ ಕಡೆ ನಿಲ್ಲದಿದ್ರೆ ನಿಮ್ಮ ವಾಚೇ ಅದನ್ನ ಎಳೀತಿದೆ ಅಂತ ಲೆಕ್ಕ.

ಅಂಗಡೀಲಿ ಒಂದೇ ಕಡೆ ನೇತು ಹಾಕಿರೋ ಹತ್ತು ಕಂಪಾಸು ಹತ್ತು ಕಡೆ ತೋರಿಸ್ತಿದ್ರೆ ಗಾಬರಿ ಬೇಡ, ಒಂದರ ಮುಳ್ಳು ಇನ್ನೊಂದನ್ನ ಎಳೀತಾ ಇರುತ್ತೆ. ಒಂದನ್ನ ತಗೊಂಡು ದೂರ ಬನ್ನಿ. ಮುಳ್ಳು ನಿಂತ ಮೇಲೆ ಕಬ್ಬಿಣದ ಬೀಗದಕೈ ಹತ್ತಿರ ತಂದು ಅದನ್ನ ಪಕ್ಕಕ್ಕೆ ಎಳೀರಿ, ಬೀಗದಕೈ ದೂರ ಸರಿಸಿ, ಮುಳ್ಳು ಮೆಲ್ಲಗೆ ವಾಪಸ್ ಬಂದು ಮೊದಲಿದ್ದ ಗೆರೆ ಮೇಲೇ ನಿಲ್ಲಬೇಕು. ನಾಲ್ಕು ಸಲ ಮಾಡಿ, ಎರಡು ಸಲ ಆ ಕಡೆಯಿಂದ ಎರಡು ಸಲ ಈ ಕಡೆಯಿಂದ. ಒಂದೊಂದು ಸಲ ಒಂದೊಂದು ಗೆರೆ ಮೇಲೆ ನಿಂತ್ರೆ ಒಳಗಿನ ಮೊನೆ ಸವೆದಿದೆ, ಅಲ್ಲೇ ವಾಪಸ್ ಕೊಟ್ಟುಬಿಡಿ. ಗುಳ್ಳೆ ಕಂಡ್ರೆ ಎಲ್ಲಾರೂ ಹೆದರ್ತಾರೆ, ಚಳಿಗೂ ಎತ್ತರದ ಜಾಗದಲ್ಲೂ ಸಣ್ಣ ಗುಳ್ಳೆ ಬರೋದು ಮಾಮೂಲಿ, ಕೆಳಗೆ ಬಂದ್ರೆ ಹೋಗುತ್ತೆ. ವಾರದಿಂದ ವಾರಕ್ಕೆ ಬೆಳೀತಿದ್ರೆ ಮಾತ್ರ ಎಲ್ಲೋ ಸೋರ್ತಿದೆ.

ಇನ್ನೊಂದು ವಿಷಯ, ದೂರ ದೇಶದಿಂದ ತರಿಸ್ಕೊಳ್ಳೋವ್ರಿಗೆ ಮಾತ್ರ. ಭೂಮಿಯ ಕಾಂತಕ್ಷೇತ್ರ ಸಮಭಾಜಕದ ಹತ್ತಿರ ನೆಲಕ್ಕೆ ಸಮವಾಗಿರುತ್ತೆ, ಧ್ರುವಗಳ ಕಡೆ ಹೋದ ಹಾಗೆ ನೆಲದೊಳಕ್ಕೆ ಬಾಗುತ್ತೆ, ಅದಕ್ಕೆ ಕಂಪನಿಗಳು ಒಂದೊಂದು ವಲಯಕ್ಕೆ ಬೇರೆ ಬೇರೆ ಥರ ಮುಳ್ಳಿನ ತೂಕ ಹೊಂದಿಸ್ತಾರೆ. ತೀರಾ ಉತ್ತರದ ದೇಶದ್ದನ್ನ ತೀರಾ ದಕ್ಷಿಣಕ್ಕೆ ತಗೊಂಡು ಹೋದ್ರೆ ಮುಳ್ಳು ಒಂದು ಕಡೆ ವಾಲಿ ಸಿಕ್ಕಾಕೊಳ್ಳುತ್ತೆ. ಗ್ಲೋಬಲ್ ಅಂತ ಬರೆದಿರೋದಾದ್ರೆ ಈ ತಲೆನೋವಿಲ್ಲ.

ಮುಳ್ಳು ತೋರ್ಸೋ ಉತ್ತರಕ್ಕೂ ನಕ್ಷೆಯ ಉತ್ತರಕ್ಕೂ ವ್ಯತ್ಯಾಸ ಇರುತ್ತೆ ಅನ್ನೋದು ನಿಮ್ಮ ಲೇಖನದಲ್ಲೇ ಬಂದಿತ್ತು, ಸಂತೋಷ. ಆದ್ರೆ ಅದು ಕೂತಲ್ಲೇ ಕೂರಲ್ಲ ಅನ್ನೋದು ಬಿಟ್ಟುಹೋಗಿದೆ. 1831ರಲ್ಲಿ ಬ್ರಿಟಿಷ್ ನಾವಿಕ ಜೇಮ್ಸ್ ಕ್ಲಾರ್ಕ್ ರಾಸ್ ಕಾಂತೀಯ ಉತ್ತರ ಧ್ರುವವನ್ನ ಕೆನಡಾದ ಉತ್ತರದಲ್ಲಿ ಗುರುತಿಸಿದ್ರು, ಈಗ ಅದು ಸೈಬೀರಿಯಾ ಕಡೆ ಓಡ್ತಿದೆ, ಅದರ ಲೆಕ್ಕಾಚಾರದ ಮಾಡೆಲನ್ನ ಐದು ವರ್ಷಕ್ಕೊಮ್ಮೆ ಹೊಸದು ಮಾಡ್ತಾರೆ. ನಿಮ್ಮ ಜಾಗದಲ್ಲಿ ವ್ಯತ್ಯಾಸ ಒಂದೆರಡು ಡಿಗ್ರಿ ಆದ್ರೆ ಕೈಕಂಪಾಸಿನ ಮಟ್ಟಿಗೆ ಮರೆತುಬಿಡಿ, ಹದಿನೈದೋ ಇಪ್ಪತ್ತೋ ಆದ್ರೆ ಮರೀಬೇಡಿ, ಅಷ್ಟೇ.

ಸ್ಮಾರ್ಟ್‌ವಾಚಲ್ಲೇ ಇದೆಯಲ್ಲ ಅಂತ ನನ್ನ ಮಗ ದಿನಾ ವಾದ ಮಾಡ್ತಾನೆ. ಇದೆ, ಕೈ ಓರೆಯಾದ್ರೂ ಅದು ಸರಿಪಡಿಸ್ಕೊಳ್ಳುತ್ತೆ, ನಕ್ಷೆಯ ಉತ್ತರಕ್ಕೂ ಹೊಂದಿಸಬಹುದು, ಒಳ್ಳೇದೇ. ಆದ್ರೆ ಆಗಾಗ ಕೈಯನ್ನ ಗಾಳಿಯಲ್ಲಿ ಎಂಟು ಬರೆದ ಹಾಗೆ ಆಡಿಸಿ ಕ್ಯಾಲಿಬ್ರೇಟ್ ಮಾಡ್ಬೇಕು, ಬ್ಯಾಟರಿ ಹೋದ್ರೆ ಮುಗೀತು. ಅವನ ವಾಚು ನನ್ನ ಕಂಪಾಸಿಗಿಂತ ಬುದ್ಧಿವಂತ ಅಂತ ಒಪ್ತೀನಿ, ಕಾಡಲ್ಲಿ ನನಗೆ ಬೇಕಾಗಿರೋದು ಬುದ್ಧಿವಂತ ಅಲ್ಲ, ನಿದ್ದೆ ಮಾಡದೇ ಇರೋನು.

ಕಾಡು ಮೇಡು ಬೇಡ ಅನ್ನೋವ್ರಿಗೂ ಇದು ಉಪಯೋಗಕ್ಕೆ ಬರುತ್ತೆ. ಗೊತ್ತಿಲ್ಲದ ಊರಲ್ಲಿ ನೆಲದಡಿಯ ಮೆಟ್ರೋ ಸ್ಟೇಷನ್ನಿಂದ ಮೇಲೆ ಬಂದಾಗ ಮೊಬೈಲ್ ಮ್ಯಾಪಲ್ಲಿ ಆ ನೀಲಿ ಚುಕ್ಕಿ ಯಾವ ಕಡೆ ಮುಖ ಮಾಡಿದೆ ಅಂತಾನೇ ಗೊತ್ತಾಗಲ್ಲ, ನೂರು ಹೆಜ್ಜೆ ಹೋಗಿ ಉಲ್ಟಾ ಬಂದ್ವಿ ಅಂತ ವಾಪಸ್ ತಿರುಗ್ತೀವಿ. ಸ್ಟೇಷನ್ನಿನ ಕಬ್ಬಿಣ ಬಿಟ್ಟು ಹತ್ತಿಪ್ಪತ್ತು ಹೆಜ್ಜೆ ಆಚೆ ಬಂದು ಕೈ ನೋಡ್ಕೊಂಡ್ರೆ ಪಶ್ಚಿಮ ಯಾವುದು ಅಂತ ಎರಡು ಸೆಕೆಂಡಿಗೆ ಗೊತ್ತಾಗುತ್ತೆ.

ಪತ್ರ ಉದ್ದ ಆಯ್ತು, ಜಾಗ ಇಲ್ಲ ಅಂದ್ರೆ ಎಲ್ಲಿ ಬೇಕಾದ್ರೂ ಕತ್ತರಿಸಿ. ಮುಂದಿನ ಸಲ ಅದೇ ಫೋಟೋ ಹಾಕೋದಾದ್ರೆ ಮಾತ್ರ ಆ ಹುಡುಗನಿಗೆ ಫೋನನ್ನ ಬಲಗೈಗೆ ತಗೊಳ್ಳೋಕೆ ಹೇಳಿ, ಆ ಕೈನೂ ಒಂದು ಮೊಳ ಆಚೆ ಇರಲಿ.

ಇಂತಿ,
ನಿಮ್ಮ ಓದುಗ