ಗೋಡೆಗೆ ಅಂಟಿಸಿದ ಶಿಸ್ತು ಸಾಲದು

ಮಾನ್ಯ ಸಂಪಾದಕರೇ,

6ರಿಂದ 8ನೇ ತರಗತಿಯ ಮಕ್ಕಳು ಮಾತೇ ಕೇಳುವುದಿಲ್ಲ ಎಂಬ ದೂರು ಎಲ್ಲ ಕಡೆ ಇದೆ. ಅದೇ ಮಕ್ಕಳಿಗೆ ಪಾಠ ಮಾಡುವವಳಾಗಿ ಒಂದೆರಡು ಮಾತು ಹೇಳಬೇಕೆನಿಸಿದೆ.

ಗೋಡೆಯ ಮೇಲೆ ‘ಶಿಸ್ತಿನಿಂದಿರಿ’ ಎಂದು ಅಂಟಿಸಿದರೆ ಮಗುವಿಗೆ ಏನು ತಿಳಿಯುತ್ತದೆ? ಬೆಲ್ ಆದ ಮೇಲೆ ಪುಸ್ತಕ ತೆಗೆದು ಕೂರಬೇಕು, ಒಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು, ತಪ್ಪು ಉತ್ತರ ಕೊಟ್ಟವರನ್ನು ನೋಡಿ ನಗಬಾರದು. ಹೀಗೆ ಬಿಡಿಸಿ ಹೇಳಬೇಕು ಅಲ್ವಾ? ಲೆಕ್ಕ ಕಲಿಸುವ ಹಾಗೆ ದಿನಾ ಅಭ್ಯಾಸವನ್ನೂ ಮಾಡಿಸಬೇಕು.

11ರಿಂದ 14ರ ವಯಸ್ಸಿನಲ್ಲಿ ಗೆಳೆಯರ ಮುಂದೆ ಮಾನ ಹೋದರೆ ತುಂಬಾ ನೋವಾಗುತ್ತದೆ. ದುಡುಕನ್ನು ತಡೆಯುವ ಮಿದುಳಿನ ಮುಂಭಾಗ ಪೂರ್ತಿ ಬೆಳೆಯಲು ವಯಸ್ಸು 20 ದಾಟಬೇಕು. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಪೆನ್ನಿನಿಂದ ಡೆಸ್ಕ್ ಕುಟ್ಟುತ್ತಿದ್ದ. ಎಲ್ಲರೆದುರು ಗದರಿದೆ. ಇನ್ನೂ ಜೋರಾಗಿ ಕುಟ್ಟಿದ. ಮರುದಿನ ಪಾಠ ನಿಲ್ಲಿಸದೆ ಹತ್ತಿರ ಹೋಗಿ, ಡೆಸ್ಕಿನ ಮೇಲೆ ಸುಮ್ನೆ ಕೈಯಿಟ್ಟೆ. ಪೆನ್ನು ನಿಂತಿತು. ಅವನ ಕಿವಿ ಕೆಂಪಾಗಿತ್ತು, ಆದರೆ ಯಾರೂ ತಿರುಗಿ ನೋಡಲಿಲ್ಲ.

ಹಾಗಂತ ಸಡಿಲ ಬಿಡಿ ಎನ್ನುತ್ತಿಲ್ಲ. ನಿಯಮ ನಾಲ್ಕೈದೇ ಇರಲಿ, ಎಲ್ಲರಿಗೂ ಒಂದೇ ಇರಲಿ. ಜಾಸ್ತಿ ಮಾರ್ಕ್ಸ್ ತೆಗೆಯುವವರಿಗೆ ವಿನಾಯಿತಿ ಕೊಟ್ಟರೆ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ಪಾಲಕರಲ್ಲೂ ಒಂದು ವಿನಂತಿ: ಸಂಜೆ ಮಾರ್ಕ್ಸ್ ಕೇಳುವಾಗ, ಇವತ್ತು ಕ್ಲಾಸಿನಲ್ಲಿ ಯಾರ ಮಾತನ್ನು ಪೂರ್ತಿ ಕೇಳಿಸಿಕೊಂಡೆ ಎಂದೂ ಕೇಳಿ.

– ಒಬ್ಬ ಶಿಕ್ಷಕಿ