ಲ್ಯಾಬ್ ಚಾರ್ಜ್ ತಗೊಂಡಿರೋ ಪುಟ್ಟಿಗೆ

ಪುಟ್ಟೀ,

ಹೈಸ್ಕೂಲಲ್ಲಿ ಕಂಪ್ಯೂಟರ್ ಲ್ಯಾಬ್ ಚಾರ್ಜ್ ನಿಂಗೇ ಕೊಟ್ಟಿದಾರೆ ಅಂತ ನಿಮ್ಮಮ್ಮ ಹೇಳಿದ್ಲು, ತುಂಬಾ ಖುಷಿ ಆಯ್ತು. ಆದ್ರೆ ಇಪ್ಪತ್ತು ಸಿಸ್ಟಮಲ್ಲಿ ಅರ್ಧಕ್ಕರ್ಧ 'ಆಕ್ಟಿವೇಟ್ ವಿಂಡೋಸ್' ಅಂತ, ಅಂದ್ರೆ ಲೈಸೆನ್ಸ್ ಖಾತ್ರಿ ಆಗಿಲ್ಲ ಅಂತ ತೋರಿಸ್ತಿದೆ, ಸರ್ವಿಸ್ ಹುಡುಗ ಪೆನ್‌ಡ್ರೈವ್ ತಂದು ಐದೇ ನಿಮಿಷಕ್ಕೆ ಸರಿ ಮಾಡ್ಕೊಡ್ತೀನಿ ಅಂದಿದಾನೆ ಅಂತಾನೂ ಹೇಳಿದ್ಲು ನೋಡು, ಅದಕ್ಕೇ ಈ ಪತ್ರ. ಬೇಡಮ್ಮ, ಆ ಪೆನ್‌ಡ್ರೈವ್ ಒಳಗೆ ಬಿಡ್ಬೇಡ.

ಅದ್ರಲ್ಲಿರೋದು ಕ್ರ್ಯಾಕ್, ಅಂದ್ರೆ ಲೈಸೆನ್ಸ್ ಇಲ್ದೆ ವಿಂಡೋಸ್ ಆಕ್ಟಿವೇಟ್ ಮಾಡೋ ಕಳ್ಳ ಪ್ರೋಗ್ರಾಮ್. ಅದನ್ನ ಹಾಕೋಕೆ ಮೊದಲು ಆಂಟಿವೈರಸ್ ಆಫ್ ಮಾಡು ಅಂತಾರೆ, ಅಲ್ಲೇ ಗೊತ್ತಾಗ್ಬೇಕು. 2021ರಲ್ಲಿ ಕೆಎಂಎಸ್‌ಪಿಕೋ ಅನ್ನೋ ಇಂಥದ್ದೇ ಕ್ರ್ಯಾಕ್ ಹೆಸರಲ್ಲಿ ಓಡಾಡ್ತಿದ್ದ ಇನ್‌ಸ್ಟಾಲರ್ ಒಳಗೆ ಕ್ರಿಪ್ಟ್‌ಬಾಟ್ ಅನ್ನೋ ಪಾಸ್‌ವರ್ಡ್ ಕದಿಯೋ ಮಾಲ್‌ವೇರ್ ಸಿಕ್ಕಿತ್ತು. ನಿಮ್ಮ ಶಾಲೇಲಿ ಎಸ್‌ಎಟಿಎಸ್ (ಮಕ್ಕಳ ದಾಖಲೆ ಇಡೋ ಸರ್ಕಾರಿ ಆನ್‌ಲೈನ್ ವ್ಯವಸ್ಥೆ) ಎಂಟ್ರಿ ಅದೇ ಸಿಸ್ಟಮಲ್ಲಿ ತಾನೇ ಮಾಡೋದು? ಮಕ್ಕಳ ಹೆಸರು, ಹುಟ್ಟಿದ ತಾರೀಖು ಎಲ್ಲಾ ಆ ಲಾಗಿನ್ ಹಿಂದೆ ಇರತ್ತೆ. ಅದೂ ಅಲ್ದೆ ಕಾಪಿರೈಟ್ ಕಾಯ್ದೆ 63ಬಿ ಪ್ರಕಾರ ಕದ್ದ ಸಾಫ್ಟ್‌ವೇರ್ ಅಂತ ಗೊತ್ತಿದ್ದೂ ಬಳಸೋದು ಅಪರಾಧ, ಲಾಭಕ್ಕೆ ಅಲ್ಲ ಅಂದ್ರೂ ಐವತ್ತು ಸಾವಿರದವರೆಗೆ ದಂಡ ಹಾಕ್ಬಹುದು. ನಾಳೆ ಯಾರಾದ್ರೂ ಕೇಳಿದ್ರೆ ಹುಡುಗ ಸಿಗಲ್ಲ, ಚಾರ್ಜಲ್ಲಿರೋ ನೀನೇ ಉತ್ತರ ಕೊಡ್ಬೇಕು.

ಮೊದಲು ಶಾಲೆ ಹತ್ರ ಈಗಾಗ್ಲೇ ಏನಿದೆ ಅಂತ ನೋಡು. ಒಂದೊಂದೇ ಸಿಸ್ಟಮಲ್ಲಿ ಕಮಾಂಡ್ ಪ್ರಾಂಪ್ಟ್ ತೆಗ್ದು ಎಸ್‌ಎಲ್‌ಎಂಜಿಆರ್, ಸ್ಪೇಸ್, ಸ್ಲ್ಯಾಶ್ ಡಿಎಲ್‌ವಿ ಅಂತ ಇಂಗ್ಲಿಷಲ್ಲಿ ಹೊಡಿ, ಓಇಎಂ (ಸಿಸ್ಟಮ್ ಜೊತೆಗೇ ಬಂದಿದ್ದು) ಅಂತ ಬರತ್ತಾ, ರೀಟೇಲಾ (ಬಿಡಿಯಾಗಿ ತಗೊಂಡಿದ್ದು), ವಾಲ್ಯೂಮಾ (ಸಂಸ್ಥೆಗೆ ಒಟ್ಟಿಗೆ ತಗೊಂಡಿದ್ದು), ಬರ್ಕೋ. ವಿಂಡೋಸ್ 8 ಬಂದ್ಮೇಲಿನ ಬ್ರ್ಯಾಂಡೆಡ್ ಸಿಸ್ಟಮಲ್ಲಿ ವಿಂಡೋಸ್ ಸಮೇತ ತಗೊಂಡಿದ್ರೆ ಲೈಸೆನ್ಸ್ ಕೀ ಮದರ್‌ಬೋರ್ಡಿನ ಬಯೋಸ್ ಚಿಪ್ ಒಳಗೇ ಇರತ್ತೆ, ಸರಿಯಾದ ಎಡಿಷನ್ ಹಾಕಿ ನೆಟ್ ಕೊಟ್ರೆ ತಾನೇ ಆಕ್ಟಿವೇಟ್ ಆಗತ್ತೆ. ನಾನು ನೋಡಿರೋ ಎಷ್ಟೋ ಲ್ಯಾಬಲ್ಲಿ ತೊಂದ್ರೆ ಇದೇ, ಸಿಸ್ಟಮ್ ಜೊತೆ ಬಂದಿದ್ದು ಹೋಮ್, ಫಾರ್ಮ್ಯಾಟ್ ಮಾಡಿದೋರು ಪ್ರೋ ಹಾಕಿರ್ತಾರೆ, ದುಡ್ಡು ಕೊಟ್ಟು ತಗೊಂಡ ಲೈಸೆನ್ಸ್ ಒಳಗೇ ಮಲಗಿರತ್ತೆ.

ವಾಲ್ಯೂಮ್ ಲೈಸೆನ್ಸ್ ತಗೊಳ್ಳಿ ಅಂತ ಯಾರಾದ್ರೂ ಬಂದ್ರೆ ಎರಡು ವಿಷಯ ಕೇಳು. ಕೆಎಂಎಸ್ ಅಂದ್ರೆ ಶಾಲೆಯೊಳಗೇ ಒಂದು ಸರ್ವರ್ ಇಟ್ಟು ಅದರಿಂದ ಆಕ್ಟಿವೇಟ್ ಮಾಡೋದು, ಆದ್ರೆ ಕಡೇಪಕ್ಷ 25 ಸಿಸ್ಟಮ್ ಲೆಕ್ಕಕ್ಕೆ ಸಿಗೋವರೆಗೂ ಅದು ಒಂದಕ್ಕೂ ಆಕ್ಟಿವೇಷನ್ ಕೊಡಲ್ಲ. ನಿಮ್ಮದು ಇಪ್ಪತ್ತು, ಆಫೀಸಿನ ಎರಡು ಸೇರಿಸಿದ್ರೂ ಸಾಲಲ್ಲ. ಸಿಸ್‌ಪ್ರೆಪ್ (ಕ್ಲೋನ್‌ಗೆ ಮೊದಲು ಸಿಸ್ಟಮಿನ ಗುರುತು ಅಳಿಸೋ ವಿಂಡೋಸ್ ಟೂಲ್) ಮಾಡ್ದೆ ಒಂದೇ ಹಾರ್ಡ್ ಡಿಸ್ಕ್ ಎಲ್ಲಕ್ಕೂ ಕ್ಲೋನ್ ಹೊಡೆದಿದ್ರೆ ಅಷ್ಟೂ ಸಿಸ್ಟಮ್ ಸರ್ವರಿಗೆ ಒಂದೇ ಥರ ಕಾಣ್ಸತ್ತೆ, ಲೆಕ್ಕ ಮೇಲೇರೋದೇ ಇಲ್ಲ. ಆಕ್ಟಿವೇಷನ್ ನಿಲ್ಲೋದೂ 180 ದಿನ ಅಷ್ಟೇ, ಅಷ್ಟರಲ್ಲಿ ಸಿಸ್ಟಮ್ ಮತ್ತೆ ಸರ್ವರ್ ಮುಟ್ಬೇಕು. ನಿಮ್ಮಂಥ ಲ್ಯಾಬಿಗೆ ಎಂಎಕೆ ಕೀ (ಎಷ್ಟೋ ಸಿಸ್ಟಮಿಗೆ ಬಳಸೋ ಒಂದೇ ಕೀ) ಸರಿ, ಒಂದ್ಸಲ ಆಕ್ಟಿವೇಟ್ ಮಾಡಿದ್ರೆ ಮುಗೀತು, ಆದ್ರೆ ಅದರ ಎಣಿಕೆ ಸೀಮಿತ, ಮೇಲಿಂದ ಮೇಲೆ ಫಾರ್ಮ್ಯಾಟ್ ಮಾಡ್ತಾ ಹೋದ್ರೆ ಖರ್ಚಾಗ್ಬಿಡತ್ತೆ. ರೀಸ್ಟಾರ್ಟ್ ಮಾಡಿದ್ರೆ ಹಳೇ ಸ್ಥಿತಿಗೆ ಬರೋ ಡೀಪ್ ಫ್ರೀಜ್ ಥರದ್ದು ಹಾಕಿದ್ರೆ, ಅದನ್ನ ತೆಗೆದಿಟ್ಟೇ ಆಕ್ಟಿವೇಟ್ ಮಾಡು. ಇನ್ನೊಂದು, ವಾಲ್ಯೂಮ್ ಲೈಸೆನ್ಸ್ ಬರೀ ಅಪ್‌ಗ್ರೇಡ್, ಕೆಳಗೆ ಅಸಲಿ ವಿಂಡೋಸ್ ಇರ್ಲೇಬೇಕು, ಅಸೆಂಬಲ್ ಸಿಸ್ಟಮ್ ಮಾರೋರು ಇದನ್ನ ಬಾಯ್ಬಿಡಲ್ಲ.

ರಜೆ ಮುಗ್ಸಿ ಲ್ಯಾಬ್ ತೆಗ್ದಾಗ ತಾರೀಖು ಯಾವುದೋ ಹಳೇ ವರ್ಷ ತೋರಿಸ್ತಿದ್ರೆ ಮದರ್‌ಬೋರ್ಡ್ ಮೇಲೆ ನಾಣ್ಯದ ಥರ ಇರೋ ಸಿಆರ್2032 ಸೆಲ್ ಹೋಗಿದೆ ಅಂತ. ಗಡಿಯಾರ ತಪ್ಪಿದ್ರೆ ವೆಬ್‌ಸೈಟೂ ತೆರೆಯಲ್ಲ, ಆಕ್ಟಿವೇಷನ್ನೂ ಆಗಲ್ಲ. ಸೆಲ್ ಹಾಕಿ ಟೈಮ್ ಸರಿ ಮಾಡಿ ಆಮೇಲೆ ಬೇರೆ ಕಾರಣ ಹುಡುಕು.

ಹಳೇ ಸಿಸ್ಟಮ್‌ಗಳ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ ಇದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಂತಿದೆ, 11 ಹಾಕೋಕೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, ನಿಮ್ಮಲ್ಲಿ ಅರ್ಧದಲ್ಲಿ ಇರಲ್ಲ. ಅಂಥವಕ್ಕೆ ಉಬುಂಟು ಅನ್ನೋ ಪುಕ್ಕಟೆ ಲಿನಕ್ಸ್ ಹಾಕು, ಆಕ್ಟಿವೇಷನ್ ಅನ್ನೋ ಮಾತೇ ಇಲ್ಲ. ಕೇರಳದ ಸರ್ಕಾರಿ ಶಾಲೆಗಳು ಕೈಟ್ (ಅಲ್ಲಿನ ಶಾಲೆಗಳ ತಂತ್ರಜ್ಞಾನ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ) ಕೊಡೋ ಲಿನಕ್ಸಲ್ಲೇ ಪಾಠ ಮಾಡ್ತಾ ವರ್ಷಗಳಾದ್ವು. ಜಿಯೋಜೀಬ್ರಾ, ಲಿಬ್ರೆ ಆಫೀಸ್, ಟಕ್ಸ್ ಪೇಂಟ್ ಎಲ್ಲಾ ಪುಕ್ಕಟೆ ಸಿಗತ್ತೆ, ಲಿನಕ್ಸಲ್ಲಿ ಟೈಪ್ ಮಾಡೋಕೆ ಇರೋ ಐಬಸ್‌ನಲ್ಲಿ ನುಡಿ ಕೀಲಿಮಣೆ ವಿನ್ಯಾಸವೂ ಇದೆ, ಕನ್ನಡ ಮೇಷ್ಟ್ರಿಗೂ ತೊಂದ್ರೆ ಇಲ್ಲ. ಅದೇ ಲಿನಕ್ಸನ್ನ ಮಕ್ಕಳು ಪೆನ್‌ಡ್ರೈವಲ್ಲಿ ಮನೆಗೂ ತಗೊಂಡೋಗಿ ಹಾಕ್ಕೋಬಹುದು, ಯಾರೂ ಕೇಳಲ್ಲ, ಮೇಷ್ಟ್ರಾಗಿ ಇದನ್ನ ಧೈರ್ಯವಾಗಿ ಹೇಳೋಕಾಗೋದು ನಿಜಕ್ಕೂ ದೊಡ್ಡ ವಿಷಯ.

ಎಚ್‌ಎಂ ಹತ್ರ ಹಳೇ ಬಿಲ್ಲು, ಸ್ಟಾಕ್ ರಿಜಿಸ್ಟರ್ ಕೇಳಿ ಈಸ್ಕೋ, ಯಾವ ಸಿಸ್ಟಮಿಗೆ ಯಾವ ಲೈಸೆನ್ಸ್ ಅಂತ ಅದರ ಪಕ್ಕದಲ್ಲೇ ಬರೆದು ಅವರ ಸಹಿ ಹಾಕಿಸು. ಶನಿವಾರ ಅರ್ಧ ದಿನ ಆದ್ಮೇಲೆ ಕೂತ್ಕೊಂಡು ಡಿಎಲ್‌ವಿ ಸ್ಕ್ರೀನ್ ಫೋಟೋ ತೆಗ್ದು ವಾಟ್ಸಾಪ್ ಮಾಡು, ಭಾನುವಾರ ಫೋನಲ್ಲಿ ಒಂದೊಂದೇ ನೋಡೋಣ.

ನಿನ್ನ ಮಾವ