ವಿಜಯ್ ಚೌಕದಿಂದ ಕಾಣುವುದು ಗುಮ್ಮಟವಷ್ಟೇ

ಮಾನ್ಯರೇ,

ದಸರಾ ರಜೆ ಹತ್ತಿರವಾದಂತೆ ದೆಹಲಿ–ಆಗ್ರಾ ಪ್ರವಾಸದ ಕರಪತ್ರಗಳು ಊರೂರಿನಲ್ಲಿ ಕೈಗೆ ಸಿಗುತ್ತವೆ. ‘ರಾಷ್ಟ್ರಪತಿ ಭವನ, ಸಂಸತ್ ಭವನ ವೀಕ್ಷಣೆ’ ಎಂಬ ಸಾಲು ಅವುಗಳಲ್ಲಿ ತಪ್ಪುವುದಿಲ್ಲ. ಈ ವೀಕ್ಷಣೆ ಬಸ್ಸಿನ ಕಿಟಕಿಯಿಂದಲೋ, ಒಳಗೆ ಹೋಗಿಯೋ ಎಂದು ಹಣ ಕಟ್ಟುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಕಿಟಕಿಯ ದರ್ಶನವಾದರೆ ಸಿಗುವುದು ಇಷ್ಟು: ರೈಸಿನಾ ಗುಡ್ಡದ ಬುಡದಲ್ಲಿರುವ ವಿಜಯ್ ಚೌಕದ ಬಳಿ ಬಸ್ಸು ನಿಧಾನವಾಗುತ್ತದೆ, ಗೈಡ್ ಕೈ ತೋರಿಸುತ್ತಾನೆ, ಏರಿನ ಹಿಂದೆ ರಾಷ್ಟ್ರಪತಿ ಭವನದ ಗುಮ್ಮಟ ಮಾತ್ರ ಕಾಣುತ್ತದೆ. 340 ಕೊಠಡಿಗಳ ಕಟ್ಟಡ ಎಲ್ಲಿ ಹೋಯಿತು? ಸಚಿವಾಲಯದ ಎರಡು ಬ್ಲಾಕ್‌ಗಳನ್ನೂ ರೈಸಿನಾ ಗುಡ್ಡದ ನೆತ್ತಿಗೆ ತಂದವರು ಅವುಗಳ ವಾಸ್ತುಶಿಲ್ಪಿ ಹರ್ಬರ್ಟ್ ಬೇಕರ್. ಅದರಿಂದ ಭವನ ಹಿಂದಕ್ಕೆ ಸರಿಯಿತು. ರಸ್ತೆಯ ಏರು ಅದನ್ನು ಮರೆಮಾಡಿತು. ಭವನದ ವಾಸ್ತುಶಿಲ್ಪಿ ಎಡ್ವಿನ್ ಲುಟಿಯೆನ್ಸ್ ಇಳಿಜಾರು ಬದಲಿಸಲು ವರ್ಷಗಟ್ಟಲೆ ಹೋರಾಡಿ ಸೋತರು. ನೂರು ವರ್ಷದ ಹಿಂದಿನ ಆ ಜಗಳದ ಫಲ ಇಂದು ನಮ್ಮ ಪ್ರವಾಸಿಗರ ಪಾಲಿಗೆ!

ಒಳಗೆ ಹೋಗುವುದು ಕಷ್ಟವೇನಲ್ಲ. ರಾಷ್ಟ್ರಪತಿ ಭವನದ ಜಾಲತಾಣದಲ್ಲಿ ದಿನಾಂಕ ಮತ್ತು ಸಮಯ ಆರಿಸಿ, ಪ್ರತಿಯೊಬ್ಬರ ಗುರುತಿನ ಚೀಟಿಯ ವಿವರ ತುಂಬಿ, ತಲೆಗೆ 50 ರೂಪಾಯಿ ಕಟ್ಟಬೇಕು. ಮುಖ್ಯ ಕಟ್ಟಡಕ್ಕೂ ವಸ್ತುಸಂಗ್ರಹಾಲಯಕ್ಕೂ ಬುಕಿಂಗ್ ಬೇರೆ ಬೇರೆ. ಕೆಲಸ ಕೆಡುವುದು ಚೀಟಿಯ ವಿಷಯದಲ್ಲೇ: ಬುಕಿಂಗ್‌ಗೆ ಆಧಾರ್ ಸಂಖ್ಯೆ ಕೊಟ್ಟು, ಗೇಟಿಗೆ ಮತದಾರರ ಚೀಟಿ ತರುತ್ತಾರೆ, ಇಲ್ಲವೇ ಇಡೀ ತಂಡದ ಮೂಲ ಚೀಟಿಗಳು ಲಾಡ್ಜಿನ ಕೌಂಟರಿನಲ್ಲಿ ಉಳಿದಿರುತ್ತವೆ.

ಇನ್ನೊಂದು ಎಡವಟ್ಟು ಸೋಮವಾರದ್ದು. ರಾಷ್ಟ್ರಪತಿ ಭವನ, ಕೆಂಪುಕೋಟೆ, ರಾಷ್ಟ್ರೀಯ ವಸ್ತುಸಂಗ್ರಹಾಲಯ, ಪ್ರಧಾನಮಂತ್ರಿ ಸಂಗ್ರಹಾಲಯ, ಕಮಲ ಮಂದಿರ, ಅಕ್ಷರಧಾಮ ಅಂದು ಎಲ್ಲವೂ ಬಂದ್. ಶನಿವಾರ ಸಂಜೆ ಬೆಂಗಳೂರು ಬಿಟ್ಟ ಕರ್ನಾಟಕ ಎಕ್ಸ್‌ಪ್ರೆಸ್ ದೆಹಲಿ ಮುಟ್ಟುವುದು ಸರಿಯಾಗಿ ಆ ಸೋಮವಾರವೇ. ಅಂದು ಕುತುಬ್ ಮಿನಾರ್, ಹುಮಾಯೂನ್ ಸಮಾಧಿ, ರಾಷ್ಟ್ರೀಯ ಯುದ್ಧ ಸ್ಮಾರಕ ಇಟ್ಟುಕೊಂಡರೆ ದಿನ ಹಾಳಾಗದು. ಆಗ್ರಾಕ್ಕೆ ಶುಕ್ರವಾರ ಬೇಡ, ತಾಜ್ ಮಹಲ್‌ಗೆ ಅಂದು ರಜೆ.

ಸಂಸತ್ತಿನ ದಾರಿ ಬೇರೆ. ಅಧಿವೇಶನದ ಕಲಾಪ ನೋಡಲು ಸಂಸದರ ಮೂಲಕ ಗ್ಯಾಲರಿ ಪಾಸ್ ಪಡೆಯಬೇಕು. ‘ಇವರು ನನಗೆ ವೈಯಕ್ತಿಕವಾಗಿ ಗೊತ್ತು, ಪೂರ್ಣ ಹೊಣೆ ನನ್ನದು’ ಎಂಬರ್ಥದ ಒಕ್ಕಣೆಗೆ ಸಂಸದರು ಸಹಿ ಹಾಕಬೇಕು. 2023ರ ಡಿಸೆಂಬರ್ 13ರಂದು ಗ್ಯಾಲರಿಯಿಂದ ಸದನಕ್ಕೆ ಜಿಗಿದ ಪ್ರಕರಣದ ಬಳಿಕ ಆ ಸಹಿ ಸುಲಭವಾಗಿ ಬೀಳುವುದಿಲ್ಲ. ಹಿಂದಿನ ರಾತ್ರಿ ಕರೋಲ್ ಬಾಗ್‌ನ ಲಾಡ್ಜಿನಿಂದ ಫೋನ್ ಮಾಡುವ ಬದಲು, ಊರಲ್ಲಿರುವಾಗಲೇ ನಿಮ್ಮ ಕ್ಷೇತ್ರದ ಸಂಸದರ ಕಚೇರಿಗೆ ಹೆಸರು, ವಯಸ್ಸು, ವಿಳಾಸ ಕೊಟ್ಟುಬಿಡಿ. ಫೋನ್, ಚೀಲ ಗ್ಯಾಲರಿಗೆ ನಿಷಿದ್ಧ. 10 ವರ್ಷದೊಳಗಿನ ಮಕ್ಕಳನ್ನೂ ಬಿಡುವುದಿಲ್ಲ. ತಂಡದಲ್ಲಿ ಒಬ್ಬರು ಹೊರಗೆ ಉಳಿಯಬೇಕಾದೀತು.

ಕರ್ತವ್ಯ ಪಥಕ್ಕೆ (ಹಿಂದಿನ ರಾಜಪಥ) ಬಸ್ಸೇ ಬೇಡ. ಮೆಟ್ರೊದ ಸೆಂಟ್ರಲ್ ಸೆಕ್ರೆಟರಿಯೇಟ್ ನಿಲ್ದಾಣದಲ್ಲಿ ಇಳಿದು ಇಂಡಿಯಾ ಗೇಟ್‌ವರೆಗೆ ಹುಲ್ಲುಹಾಸಿನ ಅಂಚಿನಲ್ಲಿ ನಡೆಯಬಹುದು. 42 ಮೀಟರ್ ಎತ್ತರದ ಕಮಾನಿನ ಮೇಲೆ ಕೆತ್ತಿದ ಯೋಧರ ಹೆಸರುಗಳನ್ನು ಹತ್ತಿರ ನಿಂತರಷ್ಟೇ ಓದಲು ಸಾಧ್ಯ. ಅದರ ಹಿಂದಿನ ಮಂಟಪದಲ್ಲಿರುವ 28 ಅಡಿಯ ಕಪ್ಪು ಗ್ರಾನೈಟಿನ ನೇತಾಜಿ ಪ್ರತಿಮೆ ನಮ್ಮ ಮೈಸೂರಿನ ಅರುಣ್ ಯೋಗಿರಾಜ್ ಅವರ ಕೆಲಸ. ಇದನ್ನು ಕನ್ನಡದ ಗೈಡ್‌ಗಳೇ ಹೇಳುವುದಿಲ್ಲ ಎಂಬುದು ಸೋಜಿಗ. ಅಲ್ಲಿಂದ ಹಿಂದಿರುಗಿ ಅದೇ ನಿಲ್ದಾಣದಲ್ಲಿ ನೇರಳೆ ಮಾರ್ಗ ಹಿಡಿದರೆ, ರೈಲು ಬದಲಿಸದೆ ಕೆಂಪುಕೋಟೆಯ ಲಾಲ್ ಕಿಲಾ ನಿಲ್ದಾಣ. ಜನವರಿಯಲ್ಲಿ ಮಾತ್ರ ಈ ಲೆಕ್ಕ ಕೈಕೊಡುತ್ತದೆ: ಗಣರಾಜ್ಯೋತ್ಸವದ ತಾಲೀಮಿಗೆ ರಸ್ತೆಗಳು ಮುಚ್ಚುತ್ತವೆ, ಮಂಜಿಗೆ ರೈಲು, ವಿಮಾನ ತಡವಾಗುತ್ತವೆ.

ಪ್ರವಾಸ ಸಂಸ್ಥೆಗಳಲ್ಲಿ ಒಂದು ಕೋರಿಕೆ. ಕರಪತ್ರದಲ್ಲಿ ಪ್ರತಿ ಸ್ಥಳದ ಮುಂದೆ ‘ಒಳಪ್ರವೇಶ’ ಅಥವಾ ‘ಹೊರಗಿನಿಂದ’ ಎಂದು ಮುದ್ರಿಸಿ. ಬುಕಿಂಗ್‌ಗೆ ಬೇಕಾದ ಗುರುತಿನ ಚೀಟಿಯ ವಿವರಗಳನ್ನು ಮುಂಗಡ ಹಣದ ಜೊತೆಗೇ ಪಡೆದುಕೊಳ್ಳಿ.

– ದೆಹಲಿ ಕನ್ನಡಿಗರು, ಆರ್.ಕೆ. ಪುರಂ, ನವದೆಹಲಿ